ಅ ಆ ಇ ಈ ಬರಲ್ಲ, ಆದ್ರೆ ‘ದಸರ’ ಓದ್ತಾಳೆ

ಹೊಸದುರ್ಗದಿಂದ ಬ್ಯಾಂಕಿನ ಕೆಲಸದಿಂದ ರಿಟೈರ್ ಆದ ಓದುಗರೊಬ್ರು ಬರೆದಿದ್ದಾರೆ: “ಮೊಮ್ಮಗಳು ಸರ್ಕಾರಿ ಶಾಲೇಲಿ ಒಂದನೇ ಕ್ಲಾಸು. ಆರು ತಿಂಗಳಾದ್ರೂ ಅ ಆ ಇ ಈ ಸಾಲಾಗಿ ಹೇಳೋಕೆ ಬರಲ್ಲ. ಕೇಳಿದ್ರೆ ನಲಿ-ಕಲಿ ಅಂತಾರೆ, ಕಾರ್ಡ್ ಹಿಡ್ಕೊಂಡು ಆಟ. ಪಕ್ಕದ ಕಾನ್ವೆಂಟಿಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ನಮ್ಮ ಶಾಲೆಗೆ ಹೊಸತನ ಯಾವಾಗ?”

ಸ್ವಾಮಿ, ಸ್ಮಾರ್ಟ್ ಬೋರ್ಡ್ ಕೆಟ್ಟದ್ದಲ್ಲ, ಹೃದಯ ಹೇಗೆ ಬಡ್ಕೊಳ್ಳುತ್ತೆ ಅಂತ ತೋರ್ಸೋಕೆ ಸೀಮೆಸುಣ್ಣಕ್ಕಿಂತ ಅದೇ ವಾಸಿ. ಅಷ್ಟು ಒಪ್ಪಿದೆ. ಆದ್ರೆ ನೀವು ಹೊಸತನ ಬರ್ಲಿ ಅಂತ ದಾರಿ ಕಾಯ್ತಿದ್ದೀರಲ್ಲ, ಅದು ಯಾವತ್ತೋ ಬಂದು ನಿಮ್ಮ ಮೊಮ್ಮಗಳ ಕೈಲಿ ಕಾರ್ಡಾಗಿ ಕೂತಿದೆ.

ಕಾರ್ಡ್ ಹಿಡ್ಕೊಂಡು ಮಕ್ಕಳು ತಮ್ಮ ತಮ್ಮ ವೇಗದಲ್ಲೇ ಕಲಿಯೋ ಈ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾದದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ಬೇರೆಬೇರೆ ಕ್ಲಾಸಿನ ಮಕ್ಕಳನ್ನ ಒಟ್ಟಿಗೆ ಕೂರಿಸ್ಕೊಂಡು ಒಬ್ರೇ ಹೇಗೆ ಕಲಿಸ್ತಾರೆ ಅಂತ ನೋಡ್ಕೊಂಡು ಬಂದ್ರು, ಯುನಿಸೆಫ್ ಬೆಂಬಲ ಇತ್ತು ನಿಜ, ಆದ್ರೆ ಕೂತು ಕಾರ್ಡ್ ಮಾಡಿದವರು ಇವರೇ. 2009-10ಕ್ಕೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಜ್ವರ ಬಂದು ನಾಲ್ಕು ದಿನ ತಪ್ಪಿಸ್ಕೊಂಡ ಮಗು ವಾಪಸ್ ಬಂದ್ರೆ ಕಲಿಕಾ ಏಣೀಲಿ, ಅಂದ್ರೆ ಕಾರ್ಡುಗಳನ್ನ ಒಂದಾದ ಮೇಲೊಂದು ಜೋಡಿಸಿದ ಪಟ್ಟೀಲಿ, ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತೆ, ನಮ್ಮ ಕಾಲದ ಹಾಗೆ ‘ಪಾಠ ಮುಗೀತು, ಪಕ್ಕದವನ ನೋಟ್ಸ್ ನೋಡ್ಕೋ’ ಅನ್ನೋದಿಲ್ಲ.

ಇನ್ನು ಅ ಆ ಇ ಈ. ನಲಿ-ಕಲೀಲಿ ಮೊದ್ಲು ಬರೋದು ರ, ಗ, ಸ, ದ, ಅ. ವ್ಯಾಕರಣದ ಸಾಲು ಬೇರೆ, ಓದೋಕೆ ಬೇಕಾದ ಸಾಲು ಬೇರೆ. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ, ದಸರ ಎಲ್ಲಾ ಆಗುತ್ತೆ. ಅ ಆ ಇ ಈ ಉ ಊ ಕಲಿತು ನೀವೊಂದು ಪದ ಮಾಡಿ ನೋಡೋಣ, ‘ಈಊ’ ಅಂತ ಕೂಗ್ಬೇಕಷ್ಟೆ!

ಹೋದ ವರ್ಷ ಒಂದು ಶಾಲೆಗೆ ಹೋಗಿದ್ದೆ, ಊರ ಹೆಸರು ಬೇಡ. ಯಾರೋ ದಾನಿಗಳು ಕೊಟ್ಟ ದೊಡ್ಡ ಟೀವಿಗೆ ಹೂವಿನ ಬೆಡ್‌ಶೀಟ್ ಹೊದಿಸಿದ್ರು, ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿತ್ತು, ರಿಮೋಟು ಹೆಡ್‌ಮೇಷ್ಟ್ರ ಬೀರುವಲ್ಲಿ. ಅದರ ಕೆಳಗೇ, ನನ್ನ ಮಂಡಿ ಎತ್ತರದ ಗೋಡೆ ಹಲಗೆ ಮೇಲೆ ಒಬ್ಬ ಹುಡುಗ ‘ಗರಗಗಸ’ ಅಂತ ಬರ್ದ. ಪಕ್ಕದ ಹುಡುಗಿ ಹೆಬ್ಬೆರಳಿಗೆ ಎಂಜಲು ಹಚ್ಚಿ ಒಂದು ‘ಗ’ ಅಳಿಸಿದ್ಲು. ಮೇಡಂ ಆ ಕಡೆ ತಿರುಗಿ ಕೂಡ ನೋಡ್ಲಿಲ್ಲ, ನೋಡೋ ಅಗತ್ಯನೂ ಇರ್ಲಿಲ್ಲ.

ನಮಗೆ ಮಾತ್ರ ಯಂತ್ರ ಕಂಡ್ರೇ ಹೊಸತನ. 2004ರಲ್ಲಿ ಪಾಠಕ್ಕಂತಲೇ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಆಕಾಶದಿಂದಲೇ ಪಾಠ ಅಂತ ಎಲ್ರೂ ಕುಣಿದ್ವಿ, ನಾನೂ ಕುಣಿದೆ. 2010ಕ್ಕೆ ಆ ಉಪಗ್ರಹದ ಆಯಸ್ಸು ಮುಗೀತು. ಮೇಷ್ಟ್ರು ಇನ್ನೂ ಅಲ್ಲೇ ಇದ್ದಾರೆ, ಮೊಟ್ಟೆ ಲೆಕ್ಕ ಬರೀತಾ, ಮಕ್ಕಳ ವಿವರ ತುಂಬೋ ಸ್ಯಾಟ್ಸ್ ಅನ್ನೋ ಕಂಪ್ಯೂಟರ್ ಲೆಕ್ಕದಲ್ಲಿ ಎಂಟ್ರಿ ಮಾಡ್ತಾ, ಮತದಾರರ ಪಟ್ಟಿ ನೋಡ್ಕೊಳ್ಳೋ ಬಿಎಲ್‌ಓ ಆಗಿ ಮನೆಮನೆ ಸುತ್ತುತಾ. ಮೂರು ಕ್ಲಾಸಿನ ಮಕ್ಕಳಿಗೆ ಒಬ್ರೇ, ಅವ್ರೂ ಟ್ರೈನಿಂಗಿಗೆ ಹೋದ ದಿನ ನಿಮ್ಮ ಮಾತು ನಿಜ, ಕಾರ್ಡು ಬರೀ ಆಟವೇ ಆಗುತ್ತೆ. ಅದನ್ನ ಕೇಳಿ ಪತ್ರ ಬರೀರಿ, ಮೊದಲ ಪುಟದಲ್ಲಿ ಹಾಕ್ತೀನಿ.

ಸದ್ಯಕ್ಕೆ ಮೊಮ್ಮಗಳನ್ನ ಹತ್ರ ಕೂರಿಸ್ಕೊಂಡು ಆ ಐದು ಅಕ್ಷರ ಕೊಡಿ. ನೀವೂ ಒಂದು ಪೆನ್ನು ತಗೊಳ್ಳಿ. ಯಾರದ್ದು ಹೆಚ್ಚು ಪದ ಆಯ್ತು ಅಂತ ನಮಗೊಂದು ಪೋಸ್ಟ್ ಕಾರ್ಡ್ ಹಾಕಿ, ಸೋತಿದ್ರೂ ಪರವಾಗಿಲ್ಲ.

-ಸಂ.