ಸಂಪಾದಕರ ಉತ್ತರ: ಶೀಟಿನ ಮೇಲೆ ಮಳೆ ಬೀಳುವಾಗ

(ಹೊಸನಗರ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಬರೆದ ಪತ್ರದ ಸಾರ ಇದು. "ಹೋದ ಸಂಚಿಕೆಯಲ್ಲಿ ಶಾಲಾ ನಾಯಕತ್ವದ ಸಂಶೋಧನೆಗಳ ಬಗ್ಗೆ ಬಂದ ಲೇಖನ ಓದಿದೆ. ನಮ್ಮದು 17 ಮಕ್ಕಳ ಶಾಲೆ. ನಾನು ಮತ್ತು ಒಬ್ಬ ಅತಿಥಿ ಶಿಕ್ಷಕಿ. ಮುಖ್ಯ ಶಿಕ್ಷಕರ ಪ್ರಭಾರವೂ ನನ್ನದೇ. ಮಳೆ ಜೋರಾದ್ರೆ ಶೀಟಿನ ಸದ್ದಿಗೆ ಯಾರಿಗೂ ಏನೂ ಕೇಳಿಸಲ್ಲ. ಮೂರನೇ ಕ್ಲಾಸಿನಲ್ಲಿ ಕಿವಿ ಸರಿಯಾಗಿ ಕೇಳಿಸದ ಹುಡುಗಿ ಒಬ್ಬಳಿದ್ದಾಳೆ. ಅವಳನ್ನು ಬೇರೆ ಶಾಲೆಗೆ ಕಳಿಸಿಬಿಡಿ ಅಂತ ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆಯಲ್ಲೇ ಹೇಳುತ್ತಾರೆ. ವಿದೇಶದ ದೊಡ್ಡ ಶಾಲೆಗಳ ಸಂಶೋಧನೆಯಿಂದ ನಮಗೇನು ಪ್ರಯೋಜನ? ದಯವಿಟ್ಟು ನನ್ನ ಹೆಸರು ಹಾಕಬೇಡಿ.")

ಮೇಡಂ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಪ್ರಶ್ನೆಗಿಂತ ನಡುವೆ ಬಂದ ಶೀಟಿನ ಸದ್ದಿನ ಮಾತೇ ಮನಸ್ಸಿನಲ್ಲಿ ಉಳಿಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಓದಿದ್ದೂ ತೀರ್ಥಹಳ್ಳಿ ಕಡೆಯ ಇಂಥದೇ ಒಂದು ಶಾಲೆಯಲ್ಲಿ. ಆಷಾಢದ ಮಳೆ ಹಿಡಿದರೆ ಮೇಷ್ಟ್ರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅವರು ಕೂಗುತ್ತಲೂ ಇರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆದು, ಒಬ್ಬೊಬ್ಬರ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಸ್ಲೇಟಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ದಶಕ ಬಿಟ್ಟುಹೋಗಿದ್ದರೆ ಆ ಜಾಗದಲ್ಲಿ ಎರಡು ಸಲ ತಟ್ಟುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ನಮ್ಮ ಜೊತೆ ಒಬ್ಬ ಹುಡುಗ ಇದ್ದ. ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಆದರೆ ಮಳೆಗಾಲದ ಆ ದಿನಗಳಲ್ಲಿ ಲೆಕ್ಕದಲ್ಲಿ ಅವನೇ ಮುಂದೆ. ಮಳೆ ನಿಂತ ಮೇಲೆ ಮೇಷ್ಟ್ರು ಮತ್ತೆ ಮೇಜಿನ ಪಕ್ಕ ನಿಂತು ಬಾಯಲ್ಲೇ ಪಾಠ ಹೇಳಿದರು. ಅವನು ಮತ್ತೆ 'ಪೆದ್ದ' ಆದ. ನಾವು ಹಾಗೇ ಕರೆದೆವು. ಅವನ ಎರಡೂ ಕಿವಿ ಸೋರುತ್ತಿದ್ದವು, ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು ಅಂತ ನಮಗೆ ಗೊತ್ತಾಗಿದ್ದು ದೊಡ್ಡವರಾದ ಮೇಲೆ. ಅಷ್ಟು ಹೊತ್ತಿಗೆ ಅವನು ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಸಮನ್ವಯ ಶಿಕ್ಷಣ ಅಂತ ಇಲಾಖೆಯ ಕಾಗದಗಳಲ್ಲಿ ಬರುವ ಮಾತಿಗೆ ನನ್ನ ಮಟ್ಟಿಗೆ ಇದೇ ಅರ್ಥ. ಮಳೆ ಬಂದಾಗ ಎಲ್ಲರಿಗೂ ಮಾಡುವುದನ್ನು ಮಳೆ ಇಲ್ಲದಾಗಲೂ ಒಂದು ಮಗುವಿಗಾಗಿ ಮಾಡುವುದು. 1994ರಲ್ಲಿ ಸ್ಪೇನಿನ ಸಲಮಾಂಕಾ ಊರಿನಲ್ಲಿ 92 ಸರ್ಕಾರಗಳು ಸೇರಿ ಒಂದು ಘೋಷಣೆ ಮಾಡಿದವು. ಮಗು ಶಾಲೆಗೆ ಹೊಂದಿಕೊಳ್ಳಲಿ ಅಂತ ಕಾಯಬೇಡಿ, ಶಾಲೆ ಮಗುವಿಗೆ ಹೊಂದಿಕೊಳ್ಳಲಿ ಎನ್ನುವುದು ಅದರ ತಿರುಳು. ನಮ್ಮ ಮೇಷ್ಟ್ರು ಆ ಘೋಷಣೆಗಿಂತ ಮುಂಚೆಯೇ ಅದನ್ನು ಮಾಡುತ್ತಿದ್ದರು. ಆದರೆ ಮಳೆಗಾಲದಲ್ಲಿ ಮಾತ್ರ.

ಈಗ ನಿಮ್ಮ ಹುಡುಗಿಯ ವಿಷಯ. ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

'ಬೇರೆ ಶಾಲೆಗೆ ಕಳಿಸಿಬಿಡಿ' ಅಂತ ಸಮಿತಿ ತೀರ್ಮಾನ ಮಾಡುವ ಹಾಗಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಕಾಯ್ದೆ ಹೇಳುವಷ್ಟು ವೈಕಲ್ಯ ಇರುವ 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲಾದರೂ ಓದಬಹುದು, ವಿಶೇಷ ಶಾಲೆಯಲ್ಲಾದರೂ ಓದಬಹುದು. ಶಿಕ್ಷಣ ಉಚಿತ, ಆಯ್ಕೆ ಮಗುವಿನದು. ಕೊರತೆ ಅಷ್ಟಿಲ್ಲದಿದ್ದರೆ ಬೇರೆ ಶಾಲೆಯ ಮಾತೇ ಏಳಬಾರದು. ಪೂರ್ತಿ ಕಿವುಡಾದ ಮಗುವಿಗೆ ಸಂಜ್ಞೆ ಭಾಷೆ ಕಲಿಸುವ ಶಾಲೆಯೇ ಒಳ್ಳೆಯದಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಯೋಚಿಸಬೇಕಾದವರು ಮಗು ಮತ್ತು ಅಪ್ಪ ಅಮ್ಮ. 'ನಮ್ಮ ಮಕ್ಕಳ ಪಾಠ ಹಿಂದೆ ಬೀಳುತ್ತೆ' ಅನ್ನುವ ಪಕ್ಕದ ಮನೆಯವರಲ್ಲ.

ಮೊದಲು ಅವಳ ಕಿವಿ ತೋರಿಸಬೇಕು. ನಮ್ಮ ಕಡೆ ಮಳೆಗಾಲ ಎಂದರೆ ಶೀತ, ಶೀತದ ಹಿಂದೆಯೇ ಕಿವಿ ಸೋರುವುದು. ಕಿವಿಯ ಒಳಗೆ ಕೀವೋ ನೀರೋ ತುಂಬಿಕೊಂಡರೆ ಕೆಲವು ದಿನ ಮಂದವಾಗಿ ಕೇಳಿಸುತ್ತದೆ, ಕೆಲವು ದಿನ ಸರಿಯಾಗಿ ಕೇಳಿಸುತ್ತದೆ. ಅದಕ್ಕೇ ಇಂಥ ಮಗುವನ್ನು 'ಬೇಕಂತಲೇ ಕೇಳಿಸದ ಹಾಗೆ ಮಾಡ್ತಾಳೆ' ಅಂತ ಬೈಯುವುದು. ಎಷ್ಟೋ ಮಕ್ಕಳಿಗೆ ಇದು ಔಷಧಿಯಲ್ಲೇ ಗುಣವಾಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರಬೇಕು. ಅವರು ಬರುವವರೆಗೂ ಕಾಯಬೇಡಿ. ನಿಮ್ಮ ಬ್ಲಾಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರಿಗೆ ಬರವಣಿಗೆಯಲ್ಲೇ ತಿಳಿಸಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ತರಗತಿಯೊಳಗೆ ನಾಳೆಯೇ ಮಾಡಬಹುದಾದದ್ದೂ ಇದೆ. ಕಿಟಕಿಗೆ ಬೆನ್ನು ಹಾಕಿ ನಿಂತು ಪಾಠ ಮಾಡಬೇಡಿ. ಬೆಳಕು ನಿಮ್ಮ ಹಿಂದಿದ್ದರೆ ಅವಳಿಗೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಅವಳಿಗೆ ತುಟಿಯೂ ಅರ್ಧ ಕಿವಿ ಇದ್ದ ಹಾಗೆ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡಬೇಡಿ. ಬರೆದು ಮುಗಿಸಿ, ಈ ಕಡೆ ತಿರುಗಿ, ಆಮೇಲೆ ಹೇಳಿ. ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೆ ಅಂತ ನೋಡಿಕೊಂಡು ಆ ಕಿವಿ ನಿಮ್ಮ ಕಡೆ ಬರುವ ಹಾಗೆ ಕೂರಿಸಿ. ಬೇರೆ ಮಗು ಉತ್ತರ ಹೇಳಿದಾಗ ಅದನ್ನು ನೀವು ಇನ್ನೊಮ್ಮೆ ಹೇಳಿ. ಇದರಿಂದ ಉಳಿದ 16 ಮಕ್ಕಳಿಗೆ ನಷ್ಟವೇನೂ ಇಲ್ಲ. ಮನೆಯಲ್ಲಿ ಲಂಬಾಣಿಯನ್ನೋ ಕೊಂಕಣಿಯನ್ನೋ ಮಾತಾಡಿ ಬರುವ ಮಗುವಿಗೂ ಇದೇ ಬೇಕು, ಅಲ್ವಾ?

ಸಂಶೋಧನೆ ವಿದೇಶದ್ದು ಅಂದಿರಿ. ಕೆಲವು ನಿಜವಾಗಿಯೂ ಹಾಗೇ. ಆದರೂ ಒಂದನ್ನು ಹೇಳದೆ ಇರಲಾರೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳಲ್ಲಿ ನಡೆಯುವ ಮಾತನ್ನು ಟೇಪಿನಲ್ಲಿ ಹಿಡಿದು, ಮತ್ತೆ ಮತ್ತೆ ಕೇಳಿ, 1970ರ ದಶಕದಲ್ಲಿ ಬರೆದರು. ಟೀಚರು ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎನ್ನುವುದೇ ಅವರ ಪ್ರಶ್ನೆ. ಸಿಕ್ಕಿದ ಉತ್ತರ, ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು. ಸುಮ್ಮನಿರುತ್ತಿದ್ದ ಮಕ್ಕಳು ಮಾತಾಡಿದರು. ನನ್ನನ್ನು ಕಲಕಿದ್ದು ಅವರು ಕಂಡ ಇನ್ನೊಂದು ಸಂಗತಿ. ಜಾಣರು ಅಂತ ಟೀಚರು ತಿಳಿದ ಮಕ್ಕಳಿಗೆ ಹತ್ತಿರಹತ್ತಿರ ಎರಡು ಸೆಕೆಂಡು ಸಿಗುತ್ತಿತ್ತು. ಹಿಂದುಳಿದವರು ಅಂದುಕೊಂಡ ಮಕ್ಕಳಿಗೆ ಒಂದು ಸೆಕೆಂಡೂ ಇಲ್ಲ. ಯಾರಿಗೆ ಜಾಸ್ತಿ ಹೊತ್ತು ಬೇಕೋ ಅವರಿಗೇ ಕಡಿಮೆ. ಯಾವ ಟೀಚರೂ ಇದನ್ನು ಬೇಕಂತ ಮಾಡುತ್ತಿರಲಿಲ್ಲ. ತಮಗೇ ಗೊತ್ತಿಲ್ಲದೆ ಮಾಡುತ್ತಿದ್ದರು. ಇದನ್ನು ನೋಡಲು ದೊಡ್ಡ ಶಾಲೆ ಬೇಕಾಗಿಲ್ಲ. ಒಂದು ಪೀರಿಯಡ್ಡನ್ನು ನಿಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಸಂಜೆ ಕೇಳಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುವುದನ್ನು ಅಭ್ಯಾಸ ಮಾಡಿ. ಮೊದಲ ವಾರ ಕಷ್ಟವಾಗುತ್ತದೆ. ತರಗತಿಯ ಮೌನ ನಮಗೆಲ್ಲ ಭಯ ಹುಟ್ಟಿಸುತ್ತದೆ.

ನಾಯಕತ್ವಕ್ಕೆ ಟೈಮ್ ಎಲ್ಲಿದೆ ಅಂತ ನೀವು ನೇರವಾಗಿ ಕೇಳಿಲ್ಲ. ಆದರೆ ಪತ್ರದ ಉದ್ದಕ್ಕೂ ಅದೇ ಇದೆ. ಸ್ಯಾಟ್ಸ್ ಎನ್ನುವ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ ನಮೂದು, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ. ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಹತ್ತಿ ಕಳಿಸಬೇಕಾದ ಮಾಹಿತಿ. ನಿಮ್ಮ ಬೇಸರ ನ್ಯಾಯವಾದದ್ದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮುಖ್ಯ ಶಿಕ್ಷಕರು ಬೇರೆಯಾಗಿ ಸಿಗುವುದು ಮಕ್ಕಳ ಸಂಖ್ಯೆ 150 ದಾಟಿದರೆ. ಮಲೆನಾಡಿನ ಒಂಟಿಮನೆಗಳ ಊರಿನಲ್ಲಿ 150 ಮಕ್ಕಳು ಎಲ್ಲಿಂದ ಬರಬೇಕು? ಹಾಗಾಗಿ ನಿಮ್ಮಂಥ ಶಾಲೆಯಲ್ಲಿ ಪ್ರಭಾರದ ಹೊರೆ ಪಾಠ ಮಾಡುವವರ ಹೆಗಲ ಮೇಲೇ ಬೀಳುತ್ತದೆ. ಇದು ಬದಲಾಗಬೇಕು, ಲೆಕ್ಕಪತ್ರಕ್ಕೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಾದರೂ ಒಬ್ಬರು ಇರಬೇಕು ಅಂತ ನಾವು ಬರೆಯುತ್ತಲೇ ಇರುತ್ತೇವೆ.

ಆದರೆ ನಾಯಕತ್ವ ಎಂದರೆ ಈ ಕಡತಗಳೇ ಅಂತ ದಯವಿಟ್ಟು ತಿಳಿಯಬೇಡಿ. ನ್ಯೂಜಿಲೆಂಡಿನ ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಯಾವುದು ಹೆಚ್ಚು ಒದಗುತ್ತದೆ ಅಂತ. ಎಲ್ಲಕ್ಕಿಂತ ಮೇಲೆ ಬಂದಿದ್ದು ಒಂದು ಸರಳ ಕೆಲಸ. ಮುಖ್ಯಸ್ಥರು ತಮ್ಮ ಶಿಕ್ಷಕರ ಜೊತೆ ಕೂತು ತಾವೂ ಕಲಿಯುವುದು. ತರಬೇತಿಗೆ ಕಳಿಸಿಕೊಡುವುದು ಬೇರೆ, ಪಕ್ಕದಲ್ಲಿ ಕೂತು ಕಲಿಯುವುದು ಬೇರೆ. ನಿಮಗಿರುವುದು ಒಬ್ಬರೇ ಜೊತೆಗಾರ್ತಿ. ಮಕ್ಕಳು ಹೋದ ಮೇಲೆ ಹದಿನೈದು ನಿಮಿಷ ಇಬ್ಬರೂ ಒಂದೇ ಮಗುವಿನ ನೋಟ್‌ಬುಕ್ ಬಿಡಿಸಿಕೊಂಡು ಕೂರಿ. 'ಇವಳು ಕಳೆಯುವ ಲೆಕ್ಕದಲ್ಲಿ ಪ್ರತಿ ಸಲ ಇಲ್ಲೇ ಯಾಕೆ ತಪ್ಪುತ್ತಾಳೆ?' ಇಷ್ಟೇ ಪ್ರಶ್ನೆ. ಅತಿಥಿ ಶಿಕ್ಷಕಿಯನ್ನು ನಿಮಗೆ ಸಮವಾಗಿ ಕೂರಿಸಿಕೊಂಡು ಕೇಳಿ. ಅವರಿಗೆ ಸಿಗುವ ಗೌರವಧನ ಕಡಿಮೆ, ನಾಳೆಯ ಭರವಸೆಯೂ ಇಲ್ಲ. ಶಾಲೆಯಲ್ಲಿ ಅವರ ಮಾತಿಗೆ ಬೆಲೆಯೂ ಇಲ್ಲದಿದ್ದರೆ ಎಲ್ಲರನ್ನೂ ಒಳಗೊಳ್ಳುವ ಶಾಲೆ ಅಂತ ಹೇಗೆ ಹೇಳುವುದು?

ಸಂಶೋಧನೆ ಎಲ್ಲವೂ ಹೊರಗಿನದ್ದು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೀವು ದಿನಾ ಕೈಯಲ್ಲಿ ಹಿಡಿಯುವ ನಲಿ-ಕಲಿ ಕಾರ್ಡುಗಳು, ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಆ ಕಾರ್ಡುಗಳು, ಎಲ್ಲಿಂದ ಬಂದವು? 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿದ್ದು ಅದು. ಆಂಧ್ರದ ಋಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಮಕ್ಕಳ ಮುಂದೆ ಇಟ್ಟು ನೋಡಿದರು, ತಿದ್ದಿದರು. ರಾಜ್ಯಕ್ಕೆಲ್ಲ ಹರಡಿದ್ದು 2009-10ರಲ್ಲಿ. ನಮ್ಮ ಕಡೆಗೆ ಅದರಲ್ಲಿ ಒಂದು ದೊಡ್ಡ ಉಪಕಾರ ಇದೆ. ಹಳ್ಳ ಉಕ್ಕಿ, ಕಾಲುಸಂಕ ಮುಳುಗಿ, ಹತ್ತು ದಿನ ಶಾಲೆ ತಪ್ಪಿಸಿಕೊಂಡ ಮಗು ವಾಪಸ್ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ಉಳಿದವರು ಎಲ್ಲಿದ್ದಾರೆ ಅಂತ ಓಡಬೇಕಾಗಿಲ್ಲ. ಈ ಮೆಟ್ಟಿಲುಗಳನ್ನು ತೋರಿಸುವ ಕಲಿಕೆಯ ಏಣಿಯ ಪಟವನ್ನು ಗೋಡೆಯ ಅಲಂಕಾರಕ್ಕೆ ಬಿಡದೆ ಬಳಸಿದರೆ ಮಾತ್ರ ಈ ಮಾತು ನಿಜ. ನಿಮ್ಮ ಹುಡುಗಿಗೂ ಬೇಕಾದದ್ದು ಇದೇ. ಕಾರ್ಡಿನಲ್ಲಿ ಚಿತ್ರ ಇದೆ, ಗೆಳತಿಯ ಜೊತೆ ಕೂತು ಮಾಡುವ ಕೆಲಸ ಇದೆ, ಎಲ್ಲದಕ್ಕೂ ಕಿವಿಯೇ ಬೇಕು ಅಂತಿಲ್ಲ.

ಎಸ್‌ಡಿಎಂಸಿ ಬಗ್ಗೆ ಒಂದು ಮಾತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಾಗದದಲ್ಲಿ ಇರುತ್ತಾರೆ. ಆದರೆ ಸಭೆ ಬೆಳಿಗ್ಗೆ 11ಕ್ಕೆ ಇಟ್ಟರೆ ಅಡಿಕೆ ಸುಲಿಯಲು ಹೋಗುವ ತಾಯಿ ಕೂಲಿ ಬಿಟ್ಟು ಹೇಗೆ ಬರುತ್ತಾಳೆ? ಬರುವವರು ತೋಟದ ಯಜಮಾನರು, ಮಾತು ಅವರದ್ದೇ. ನಿಮ್ಮ ಹುಡುಗಿಯನ್ನು ಕಳಿಸಿಬಿಡಿ ಅಂದ ಸಭೆಯಲ್ಲಿ ಅವಳ ಅಮ್ಮ ಇದ್ದರಾ? ಪತ್ರದಲ್ಲಿ ನೀವು ಬರೆದಿಲ್ಲ. ಮುಂದಿನ ಸಭೆಯನ್ನು ಅವರಿಗೆ ಬರಲು ಆಗುವ ಹೊತ್ತಿಗೆ ಇಡಿ. ಎಲ್ಲರೂ ಒಂದೇ ಚಾಪೆಯ ಮೇಲೆ ಕೂರಲಿ. ಮೊದಲು ಅವರನ್ನೇ ಕೇಳಿ, 'ನಿಮ್ಮ ಮಗಳು ಮನೆಯಲ್ಲಿ ಏನೇನು ಮಾಡ್ತಾಳೆ?' ಅಂತ. ಕೇಳಿದ ಮೇಲೆ ಮೂರು ಸೆಕೆಂಡಲ್ಲ, ಎಷ್ಟು ಹೊತ್ತು ಬೇಕೋ ಅಷ್ಟು ಕಾಯಿರಿ.

ಬಿಐಇಆರ್‌ಟಿಗೆ ಬರೆಯುವ ಪತ್ರದ ಒಂದು ಪ್ರತಿ ನಮಗೂ ಕಳಿಸಿ. ಒಂದು ತಿಂಗಳಲ್ಲಿ ಯಾರೂ ಬರದಿದ್ದರೆ ತಿಳಿಸಿ. ಊರಿನ, ಮಗುವಿನ ಹೆಸರು ಹಾಕದೆ ನಾವು ಬರೆಯುತ್ತೇವೆ. ದೀಪಾವಳಿ ಹೊತ್ತಿಗೆ ಮಳೆ ಬಿಟ್ಟಿರುತ್ತದೆ. ಆಗ ನಾನೇ ಒಂದು ದಿನ ನಿಮ್ಮ ಶಾಲೆಗೆ ಬಂದು, ಹಿಂದಿನ ಸಾಲಿನಲ್ಲಿ ಆ ಹುಡುಗಿಯ ಪಕ್ಕ ಕೂರಬಹುದಾ? ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ.

— ಸಂಪಾದಕ