ಬಾಯಲ್ಲಿ ನೂರು, ಕೈಯಲ್ಲಿ ಏಳು
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಅಂಗನವಾಡಿಯಲ್ಲಿ ಬರೀ ಆಟ. ಪೇಟೆಯ ಎಲ್‌ಕೆಜಿಗೆ ಹೋಗುವ ಪಕ್ಕದ ಮನೆ ಮಗು ನೂರರ ತನಕ ಒಪ್ಪಿಸುತ್ತದೆ. ನಮ್ಮವಳು ಹಿಂದೆ ಬೀಳುತ್ತಾಳಾ?
— ತಾಯಿಯೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆ ಮಗುವಿನ ಮುಂದೆ ಒಂದು ಬೊಗಸೆ ಹುಣಸೆ ಬೀಜ ಸುರಿದು ‘ಏಳು ಕೊಡು’ ಅನ್ನಿ. ನೂರು ಒಪ್ಪಿಸುವ ಎಷ್ಟೋ ಮಕ್ಕಳು ಇಲ್ಲಿ ತಡವರಿಸುತ್ತವೆ. ಒಂದು ಬೀಜಕ್ಕೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ್ದೇ ಒಟ್ಟು ಲೆಕ್ಕ: ಇವೆರಡೂ ಕೈಯಿಂದ ತಲೆಗೆ ಹೋಗಬೇಕಾದ ಸಂಗತಿ.

ಅಟ್ಟದ ಮೇಲಿನ ಚೆನ್ನೆಮಣೆ ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜದ ಪೂರ್ತಿ ಆಟ ಈಗಲೇ ಬೇಡ. ಅವಳ ಕಡೆಯ ಏಳು ಗುಳಿ ಸಾಕು. ಮೊದಲ ಗುಳಿಯಲ್ಲಿ ಐದು ಬೀಜ ಇಟ್ಟು, ಎತ್ತಿಕೊಂಡು ಮುಂದಿನವಕ್ಕೆ ಒಂದೊಂದೇ ಬಿಡಲಿ. ಬೀಜ ಬೀಳುವಾಗಲೇ ಸಂಖ್ಯೆ ಹೇಳಲಿ. ಶುರುವಿನಲ್ಲಿ ಬಾಯಿ ಕೈಗಿಂತ ಮುಂದೆ ಓಡುತ್ತದೆ, ಇಲ್ಲವೇ ಒಂದೇ ಗುಳಿಗೆ ಎರಡು ಬೀಳುತ್ತವೆ. ‘ತಪ್ಪು’ ಅನ್ನಬೇಡಿ, ‘ಯಾವ ಗುಳಿಗೆ ಸಿಗಲಿಲ್ಲ?’ ಅಂತ ಕೇಳಿ. ಕೈ ಪಳಗಿದ ಮೇಲೆ, ಬೀಜ ಎತ್ತುವ ಮೊದಲೇ ‘ಕೊನೇದು ಎಲ್ಲಿ ಬೀಳುತ್ತೆ?’ ಅನ್ನಿ. ನಿಜವಾದ ಲೆಕ್ಕ ಶುರುವಾಗುವುದು ಅಲ್ಲಿ. ಆಟ ಕೆಡಿಸುವವರು ಹೆಚ್ಚಾಗಿ ದೊಡ್ಡವರೇ: ಮಗು ತಡೆದ ಕೂಡಲೇ ತಾವೇ ಎಣಿಸಿಬಿಡುತ್ತಾರೆ. ಸುಮ್ಮನೆ ಕಾಯಿರಿ. ಮಗು ಎದ್ದು ಹೋದರೆ ಆವತ್ತಿನ ಆಟ ಮುಗಿಯಿತು.

ಬೀಜಕ್ಕೆ ಗುಲಗಂಜಿ ಮಾತ್ರ ಬೇಡ. ಚೆಂದವೇನೋ ಹೌದು, ಆದರೆ ಅಗಿದರೆ ಕಡುವಿಷ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರ ಕಲಿಕೆಗೆ ಆಟವನ್ನೇ ಬುನಾದಿಯಾಗಿ ಇಟ್ಟಿದೆ. ಆದರೆ ಕೈಗೆ ಏನನ್ನೂ ಕೊಡದೆ ಮಕ್ಕಳನ್ನು ಸಾಲಾಗಿ ಕೂರಿಸಿದ್ದರೆ ಅದು ಆಟವಲ್ಲ. ಒಮ್ಮೆ ಹೋಗಿ ನೋಡಿ ಬನ್ನಿ.

ಪ್ರಶ್ನೆ: ಐದು ವರ್ಷದ ಮಗ ಎರಡು ಸಾಲು ಬರೆಯುವಷ್ಟರಲ್ಲಿ ಕೈ ನೋವು ಅನ್ನುತ್ತಾನೆ. ಸೋಮಾರಿತನವಾ?
— ಸಾಗರ

ಉತ್ತರ: ಅಲ್ಲ, ಬೆರಳಿಗೆ ಇನ್ನೂ ಕಸುವು ಬಂದಿಲ್ಲ. ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಅಂಗಳದಲ್ಲಿ ಎಳೆಯಲಿ. ಭುಜ, ಮುಷ್ಟಿ ಎರಡೂ ಗಟ್ಟಿಯಾಗುತ್ತವೆ. ಮಳೆ ಹಿಡಿದರೆ ಜಗಲಿಯಲ್ಲಿ ಹಿಟ್ಟು ಕೊಡಿ: ಎರಡು ಲೋಟ ಗೋಧಿ ಹಿಟ್ಟು, ಕಾಲು ಲೋಟ ಉಪ್ಪು, ಒಂದು ಚಮಚ ಎಣ್ಣೆ, ಚಪಾತಿ ಹದಕ್ಕೆ ಬೇಕಾದಷ್ಟು ನೀರು. ಉಪ್ಪು ಜಾಸ್ತಿಯಾದರೆ ನಮ್ಮ ಆಷಾಢದ ಥಂಡಿಗೆ ನೀರೆಳೆದು ಅಂಟಂಟಾಗುತ್ತದೆ, ಅವತ್ತಿನದು ಅವತ್ತಿಗೇ ಮುಗಿಸಿ. ಹಾವಿನ ಹಾಗೆ ಹೊಸೆದು, ಬಗ್ಗಿಸಿ ‘ರ’, ‘ಗ’ ಮಾಡಲಿ. ಬಳಸಿದ ಹಿಟ್ಟು ದನದ ಬಾನಿಗೂ ಬೇಡ, ಉಪ್ಪಿದೆ.

ಪ್ರಶ್ನೆ: ಅಕ್ಕ ಬೀಜ ಹಿಡಿದು ಕೂತರೆ ಎರಡು ವರ್ಷದ ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾನೆ.
— ಹೊಸನಗರ

ಉತ್ತರ: ಮೂರು ತುಂಬುವ ತನಕ ಅವನ ಕೈಗೆ ಬೀಜ ಸಿಗಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವನಿಗೆ ಲೋಟ, ಚೊಂಬು, ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ಕೊಟ್ಟು ನೀವು ಪಕ್ಕದಲ್ಲೇ ಕೂರಿ. ಅಕ್ಕನಿಗೆ ಹತ್ತೇ ಬೀಜ ಕೊಡಿ, ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕುವ ಜವಾಬ್ದಾರಿ ಅವಳದೇ. ಒಂಬತ್ತೇ ಬಂದರೆ ಮೊದಲು ತಮ್ಮನ ಬಾಯಿ, ಆಮೇಲೆ ಚಾಪೆಯಡಿ ನೋಡಿ.