ಬಸ್ಸಲ್ಲಿ ಮಲ್ಪೆಗೆ ಹೋಗುವಾಗ ಗಾಳದ ರಾಡ್ ಮುರಿಯದಂತೆ ಒಯ್ಯೋದು ಹೇಗೆ?

ನಿಮ್ಮದು 7 ಅಡಿಯ, ಎರಡು ತುಂಡಿನ ಕಾರ್ಬನ್ ರಾಡ್ ಅಂತ ಇಟ್ಕೊಳ್ಳಿ. ಹಾಗಾದ್ರೆ ದುಬಾರಿ ಕೇಸ್ ಬೇಡ. ಪ್ಲಂಬಿಂಗ್ ಅಂಗಡಿಯಲ್ಲಿ 75 ಎಂಎಂ ಪಿವಿಸಿ ಪೈಪು 4 ಅಡಿ ಕತ್ತರಿಸಿಕೊಡಿ ಅನ್ನಿ, ಜೊತೆಗೆ ಎರಡು ಮುಚ್ಚಳ ತಗೊಳ್ಳಿ. ಒಂದನ್ನು ಅಂಟಿಸಿ, ಇನ್ನೊಂದನ್ನು ಸುಮ್ನೆ ಒತ್ತಿ ಹಾಕಿ.

ರೀಲು, ಕೊಕ್ಕೆ, ಸೀಸದ ಗುಂಡು ಎಲ್ಲ ಮೊದಲು ಬಿಚ್ಚಿಡಿ. ಇದನ್ನೇ ಜಾಸ್ತಿ ಜನ ಮರೆಯೋದು. ದಾರದಲ್ಲಿ ತೂಗಾಡುವ ಗುಂಡು ದಾರಿಯುದ್ದಕ್ಕೂ ಟಕ್ ಟಕ್ ಅಂತ ರಾಡಿಗೆ ಬಡಿಯುತ್ತೆ, ಕಾರ್ಬನ್ನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತೆ, ಆಮೇಲೆ ದೊಡ್ಡ ಮೀನು ಎಳೆದಾಗ ಸರಿಯಾಗಿ ಅಲ್ಲೇ ಮುರಿಯುತ್ತೆ, ನಾವು ಕಂಪನಿಯನ್ನು ಬೈತೀವಿ. ನನ್ನ ಮೊದಲ ರಾಡ್ ಹೋಗಿದ್ದು ಹೀಗೇ.

ರಾಡಿನ ಎರಡು ತುಂಡು ಬಿಚ್ಚಿ, ತೆಳ್ಳಗಿನ ತುದಿ ಹಿಡಿಯ ಪಕ್ಕಕ್ಕೆ ಬರುವಂತೆ ಅಕ್ಕಪಕ್ಕ ಇಟ್ಟು, ಬಟ್ಟೆಪಟ್ಟಿಯಿಂದ ಎರಡು ಕಡೆ ಸಡಿಲವಾಗಿ ಕಟ್ಟಿ. ಬಿಗಿದರೆ ದಾರ ಹಾಯುವ ಬಳೆಗಳು ಬಾಗುತ್ತವೆ. ಪೈಪಿನ ಎರಡೂ ತುದಿಗೆ ಹಳೇ ಬನಿಯನ್ ತುರುಕಿ, ಒಳಗೆ ಅಲ್ಲಾಡಬಾರದು.

ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಮೇಲೆ ಮೂಟೆ ಬಿದ್ದೀತು. ಸ್ಲೀಪರ್ ಆದರೆ ಪಕ್ಕದಲ್ಲೇ ಮಲಗಿಸಿಕೊಳ್ಳಿ, ನಗುವವರು ನಗಲಿ. ವಾಪಸ್ ಬರುವಾಗ ಉಪ್ಪುನೀರು ತೊಳೆದು, ಒಣಗಿಸಿಯೇ ಪೈಪಿಗೆ ಹಾಕಿ.